ಮೇಯರ್ಸ್ ಓಟ ಬರೀ ಪ್ರಚಾರವಲ್ಲ

ಮಾನ್ಯ ಸಂಪಾದಕರೇ,

ಮರಳು ದಿಬ್ಬಗಳ ಮೇಲೆ ಓಡುವ ಹಗುರ ಗಾಡಿ ಡ್ಯೂನ್ ಬಗ್ಗಿಯನ್ನು ರೂಪಿಸಿದ ಬ್ರೂಸ್ ಮೇಯರ್ಸ್ ಕುರಿತು ಪತ್ರಿಕೆಯಲ್ಲಿ ಬಂದ ಲೇಖನ ಅವರ ರ‍್ಯಾಲಿ ಓಟಗಳನ್ನು ಗಾಡಿ ಮಾರುವ ಪ್ರಚಾರವೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಪ್ರಚಾರ ಸಿಕ್ಕಿದ್ದೇನೋ ನಿಜ. ಆದರೆ ಆ ಗಾಡಿಯ ಗುಣ ದೋಷಗಳೆರಡೂ ಬಯಲಾದದ್ದು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಕಚ್ಚಾ ದಾರಿಯಲ್ಲಿ.

ಫೈಬರ್‌ಗ್ಲಾಸ್ ದೋಣಿ ಕಟ್ಟುತ್ತಿದ್ದ ಮೇಯರ್ಸ್ 1964ರಲ್ಲಿ ಮಾಡಿದ ಮೊದಲ ಮ್ಯಾಂಕ್ಸ್‌ಗೆ (ಅವರ ಬಗ್ಗಿಯ ಹೆಸರು) ಪ್ರತ್ಯೇಕ ಚಾಸಿ, ಅಂದರೆ ಅಡಿಚೌಕಟ್ಟು, ಇರಲಿಲ್ಲ. ಬಾಡಿಯೇ ಭಾರ ಹೊರುತ್ತಿತ್ತು. ಹನ್ನೆರಡು ಗಾಡಿಗಳಾಗುವಷ್ಟರಲ್ಲಿ ಖರ್ಚು ಗಿಟ್ಟದೆ, ಫೋಕ್ಸ್‌ವ್ಯಾಗನ್ ಬೀಟಲ್‌ನ ಫ್ಲೋರ್‌ಪ್ಯಾನ್ (ಕಾರಿನ ತಳದ ಉಕ್ಕಿನ ಹಾಸು) ಮೇಲೆ ಕೂರುವ, ಕೊಂಡವರೇ ಜೋಡಿಸಿಕೊಳ್ಳುವ ಕಿಟ್‌ಗೆ ಬದಲಾಯಿಸಿದರು. ಬೀಟಲ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,400 ಮಿ.ಮೀ. ಕಿಟ್ ಕೂರಲು ಫ್ಲೋರ್‌ಪ್ಯಾನ್‌ನಿಂದ ಸುಮಾರು 36 ಸೆಂ.ಮೀ. ಕತ್ತರಿಸಿ ತೆಗೆದು ವೆಲ್ಡ್ ಮಾಡಬೇಕು. ಗೇರ್ ರಾಡ್, ಕೇಬಲ್‌ಗಳು, ಬ್ರೇಕ್ ಪೈಪು ಎಲ್ಲವನ್ನೂ ಅಷ್ಟೇ ಗಿಡ್ಡ ಮಾಡಬೇಕು. ವೆಲ್ಡಿಂಗ್‌ಗೆ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯದಿದ್ದರೆ ಗಾಡಿ ಓರೆಯಾಗಿ ಓಡುತ್ತದೆ. ಗೇರ್ ರಾಡ್ ತುಸು ತಿರುಚಿಕೊಂಡರೂ ಸಾಕು, ಗೇರ್ ಸರಿಯಾಗಿ ಬೀಳುವುದಿಲ್ಲ.

1967ರ ಏಪ್ರಿಲ್‌ನಲ್ಲಿ ಮೇಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಆ ಮೊದಲ ಗಾಡಿಯಲ್ಲೇ ಬಾಹಾದ ದಕ್ಷಿಣದ ಲಾ ಪಾಜ್‌ನಿಂದ ಉತ್ತರ ತುದಿಯ ಟಿಹುವಾನಾಕ್ಕೆ 34 ಗಂಟೆ 45 ನಿಮಿಷದಲ್ಲಿ ಬಂದರು. 1962ರಲ್ಲಿ ಹೋಂಡಾ ಬೈಕುಗಳು ಇದೇ ದಾರಿಗೆ ಸುಮಾರು 40 ಗಂಟೆ ತೆಗೆದುಕೊಂಡಿದ್ದವು. ಎಂಜಿನ್ನಿನ ಶಕ್ತಿ ಅಷ್ಟಕ್ಕಷ್ಟೆ. ಗೆಲ್ಲಿಸಿದ್ದು ತೂಕದ ಲೆಕ್ಕಾಚಾರ: ಎಂಜಿನ್ ಹಿಂದಿರುವುದರಿಂದ ಎಳೆಯುವ ಚಕ್ರಗಳ ಮೇಲೇ ಭಾರ ಬೀಳುತ್ತದೆ; ಒಟ್ಟು ಗಾಡಿ ಹಗುರ, ಹಾಗಾಗಿ ಗಾಳಿ ಇಳಿಸಿದ ಅಗಲ ಟೈರು ಮರಳಿನಲ್ಲಿ ಹೂತುಹೋಗುವುದಿಲ್ಲ. ಗಾಳಿಯಿಂದಲೇ ತಣಿಯುವ ಎಂಜಿನ್ನಾದ್ದರಿಂದ ಕಲ್ಲು ಬಡಿದು ಒಡೆಯಲು ರೇಡಿಯೇಟರ್ ಕೂಡ ಇಲ್ಲ.

ದೋಷವೂ ಅಲ್ಲಿಯೇ ಇದೆ. ವೀಲ್‌ಬೇಸ್ ಗಿಡ್ಡವಾದಷ್ಟೂ ಉಬ್ಬು ತಗ್ಗಿನ ದಾರಿಯಲ್ಲಿ ಮೂತಿ ಎತ್ತಿ ಎತ್ತಿ ಕುಕ್ಕುತ್ತದೆ. ಹಳೆಯ ಬೀಟಲ್‌ನ ಸ್ವಿಂಗ್ ಆಕ್ಸಲ್‌ನಲ್ಲಿ (ಗೇರ್‌ಬಾಕ್ಸ್ ಬಳಿ ಮಾತ್ರ ಕೀಲಿರುವ ಹಿಂದಿನ ಆಕ್ಸಲ್) ಗಾಡಿಯ ಹಿಂಭಾಗ ಮೇಲೆದ್ದಾಗ ಹಿಂದಿನ ಚಕ್ರಗಳ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ. ಹಾಗೇ ಅಡ್ಡಡ್ಡ ಜಾರುತ್ತ ನೆಲಕ್ಕೆ ಬಿದ್ದರೆ ಪಲ್ಟಿ. ಜಿಗಿದು ಮೂತಿ ಮೇಲೆ ಬಿದ್ದರೆ ಮುಂದಿನ ಚಕ್ರಗಳನ್ನು ಹಿಡಿದಿರುವ ಬೀಮ್ ಬಾಗುತ್ತದೆ. ಬೋಲ್ಟ್ ತೂತಿನ ಸುತ್ತ ಫೈಬರ್ ಸೀಳುವುದಂತೂ ಎಲ್ಲ ಕಿಟ್‌ಗಳ ಕಾಯಿಲೆ. ಅಗಲ ವಾಷರ್ ಹಾಕಿ, ಅದರ ಕೆಳಗೆ ರಬ್ಬರ್ ಇಟ್ಟರೆ ಅಷ್ಟು ಬೇಗ ಸೀಳುವುದಿಲ್ಲ.

1968ರ ಬಾಹಾ ಓಟದಲ್ಲಿ (ಮೆಕ್ಸಿಕನ್ 1000) ಮೇಯರ್ಸ್ ಅಪಘಾತಕ್ಕೀಡಾಗಿ ಕಾಲು ಮುರಿದುಕೊಂಡರು. ಬರೀ ಪ್ರಚಾರ ಬೇಕಿದ್ದವರು ಸ್ಟಿಯರಿಂಗ್ ಬೇರೆಯವರ ಕೈಗೆ ಕೊಡುತ್ತಿದ್ದರು. ಆ ಪ್ರಚಾರದ ಲಾಭವನ್ನಾದರೂ ಹೆಚ್ಚಾಗಿ ಉಂಡವರು ನಕಲು ಮಾಡಿದವರು: ಪೇಟೆಂಟ್ ಮೊಕದ್ದಮೆಯಲ್ಲಿ ಮೇಯರ್ಸ್ ಸೋತರು, 1971ರಲ್ಲಿ ಕಂಪನಿ ಮುಚ್ಚಿತು.

ಇನ್ನೊಂದು ತಿದ್ದುಪಡಿ. 1967ರ ಮೊದಲ ಮೆಕ್ಸಿಕನ್ 1000 ಓಟವನ್ನು ಮೇಯರ್ಸ್ ಗೆದ್ದರೆಂದು ಲೇಖನದಲ್ಲಿದೆ. 27 ಗಂಟೆ 38 ನಿಮಿಷದಲ್ಲಿ ಗೆದ್ದದ್ದು ಮ್ಯಾಂಕ್ಸ್ ಗಾಡಿಯೇ, ಆದರೆ ಅದನ್ನು ಓಡಿಸಿದವರು ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್. ದಯವಿಟ್ಟು ಸರಿಪಡಿಸಿ.

– ಒಬ್ಬ ಓದುಗ