ಮೊದಲು ಬಿಚ್ಚು, ಆಮೇಲೆ ಬೆರೆಸು

ಭೋಸರಿ, ಪುಣೆ

ಚಿ. ಬಸುಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಅತ್ತೆಗೆ ಮೊಣಕಾಲು ನೋವು ಇದ್ದೇ ಇದೆ. ಆದರೂ ಕನ್ನಡ ಸಂಘದ ಕಾರ್ಯಕ್ರಮ ಅಂದರೆ ಮನೆಯಲ್ಲಿ ಮೊದಲು ಚಪ್ಪಲಿ ಹಾಕುವವಳು ಅವಳೇ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟೆ. ಪಕ್ಕದಲ್ಲಿ ಕುಕ್ಕರ್ ಕೂಗುತ್ತಿತ್ತು, ನಿನ್ನ ಕಡೆ ಕಂಪ್ರೆಸರ್ ಗದ್ದಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡ.

ನೀನು ಹೇಳಿದ್ದು ಇಷ್ಟು. ಚಾಕಣದ ಪ್ಲಾಂಟಿನಲ್ಲಿ ಬ್ರೇಕ್ ಪ್ಯಾಡಿನ ಮಿಕ್ಸಿಂಗ್ ವಿಭಾಗ ನಿನ್ನ ಕೈಗೆ ಬಂದಿದೆ. ಮಾಲಿನಲ್ಲಿ ಹಳದಿ ನಾರಿನ ಗಂಟುಗಳು ಕಾಣುತ್ತಿವೆ. ಇನ್‌ಚಾರ್ಜ್ "ಟೈಮ್ ಜಾಸ್ತಿ ಮಾಡು" ಅಂದರು. 8 ನಿಮಿಷದ ಬ್ಯಾಚನ್ನು 15 ನಿಮಿಷಕ್ಕೆ ಏರಿಸಿದೆ. ಗಂಟು ಹೋಗಲಿಲ್ಲ, ಬದಲಿಗೆ ಪ್ರಿಫಾರ್ಮಿನ, ಅಂದರೆ ತಣ್ಣಗೆ ಒತ್ತಿದ ಹಸಿ ಪ್ಯಾಡಿನ, ಮೂಲೆ ಉದುರುವುದು ಶುರುವಾಯಿತು. ಈಗ ಪ್ರೆಸ್‌ನವರು ನಿನ್ನ ಮೇಲೆ ಹರಿಹಾಯುತ್ತಿದ್ದಾರೆ.

ಟೈಮನ್ನು ನಾಳೆಯೇ ಹಳೆಯ ಜಾಗಕ್ಕೆ ತಂದುಬಿಡು. ಕಾರಣ ಹೇಳುತ್ತೇನೆ.

ಆ ಮಿಕ್ಸರಿನೊಳಗೆ ಎರಡು ಕೆಲಸ ನಡೆಯುತ್ತವೆ. ಒಂದು, ನಾರನ್ನು ಬಿಚ್ಚುವುದು. ಇನ್ನೊಂದು, ಬಿಚ್ಚಿದ ನಾರನ್ನು ಪುಡಿಯ ಜೊತೆ ಎಲ್ಲ ಕಡೆ ಹಂಚುವುದು. ಜನ ಎರಡನ್ನೂ ಸೇರಿಸಿ 'ಮಿಕ್ಸಿಂಗ್' ಅಂದುಬಿಡುತ್ತಾರೆ, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಹಂಚುವುದಕ್ಕೆ ಹೆಚ್ಚು ಹೊತ್ತು ಬೇಡ. ನಡುವಿನ ದಂಡಕ್ಕೆ ಹಾಕಿರುವ ನೇಗಿಲ ಗುಳದಂಥ ಪ್ಲೋಗಳು ಮಾಲನ್ನು ಗಾಳಿಗೆ ಎತ್ತಿ ಎಸೆಯುತ್ತವೆ. ಬರೀ ಪುಡಿಗಳಾದರೆ ಕೆಲವೇ ನಿಮಿಷಗಳಲ್ಲಿ ಸಮನಾಗಿ ಬೆರೆಯುತ್ತವೆ. ಆದರೆ ಪ್ಲೋ ಗಂಟು ಬಿಚ್ಚುವುದಿಲ್ಲ. ಬಿಚ್ಚದ ಗಂಟನ್ನು ಅದು ಹಾಗೇ ಉರುಳಿಸುತ್ತದೆ, ಉರುಳಿದಷ್ಟೂ ಗಂಟು ಗಟ್ಟಿಯಾಗುತ್ತದೆ. ಬಿಚ್ಚುವುದು ಪಕ್ಕದ ಗೋಡೆಯಲ್ಲಿ ಕೂತಿರುವ, ಬ್ಲೇಡು ಹಾಕಿದ ಚಾಪರ್‌ಗಳ ಕೆಲಸ. ಪ್ಲೋ ದಂಡ ನಿಧಾನ, ಚಾಪರ್ ನಿಮಿಷಕ್ಕೆ 3000 ಸುತ್ತಿನ ಹತ್ತಿರ ತಿರುಗುತ್ತದೆ. ನಮ್ಮ ಊರಿನಲ್ಲಿ ಪಿಂಜಾರರು ಹತ್ತಿ ಹಿಂಜದೆ ಗಾದಿಗೆ ತುಂಬಿದ್ದು ನೋಡಿದ್ದೀಯಾ? ಇಲ್ಲ ಅಲ್ವಾ. ಇದೂ ಅಷ್ಟೇ.

ನಿಮ್ಮ ಹಳದಿ ನಾರು ಅರಾಮಿಡ್ ಪಲ್ಪ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ವಿಜ್ಞಾನಿ 1965ರಲ್ಲಿ ಕಂಡುಕೊಂಡ ಕೆವ್ಲಾರ್ ಇದೇ ಜಾತಿಯದು. ಗುಂಡು ತಡೆಯುವ ಜಾಕೆಟ್ಟಿಗೆ ಹಾಕುವುದು ಉದ್ದ ನೂಲು. ನಮಗೆ ಬರುವುದು ಅದನ್ನೇ ಕತ್ತರಿಸಿ, ಅರೆದು, ಎಳೆಯಿಂದ ಕೂದಲಿಗಿಂತ ಸಣ್ಣ ರೋಮಗಳು ಏಳುವಂತೆ ಮಾಡಿದ್ದು. ಒಂದೆರಡು ಎಳೆಯನ್ನು ಉಗುರಿನ ಮೇಲಿಟ್ಟು ಗುಣಮಟ್ಟ ನೋಡುವ ಕ್ಯೂಸಿ ವಿಭಾಗದ ಭೂತಗನ್ನಡಿಯಲ್ಲಿ ನೋಡು. ಎಲ್ಲ ಕಡೆ ರೋಮ ಎದ್ದು ನಿಂತಿರುತ್ತದೆ. ಆ ರೋಮಗಳೇ ಪುಡಿಯನ್ನು ಹಿಡಿದುಕೊಳ್ಳುವುದು. ಒಂದನ್ನೊಂದು ಹಿಡಿದು ಗಂಟಾಗುವುದೂ ಅವೇ.

ಈ ನಾರು ಬ್ರೇಕ್ ಹಾಕಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ ಅಂತ ತಿಳಿಯಬೇಡ. ಅದರ ಮೊದಲ ಕೆಲಸ ನಿಮ್ಮ ಶಾಪ್ ಫ್ಲೋರಿನಲ್ಲೇ ಇದೆ. ಚೆನ್ನಾಗಿ ಬಿಚ್ಚಿದ ಪಲ್ಪ್ ಇಡೀ ಮಾಲಿನೊಳಗೆ ಬಲೆಯಾಗಿ ಹರಡುತ್ತದೆ. ಭಾರದ ಪುಡಿ ಕೆಳಗೆ ಜಾರದಂತೆ ತಡೆಯುತ್ತದೆ. ತಣ್ಣಗೆ ಒತ್ತಿದ ಪ್ರಿಫಾರ್ಮು ಬಿಸಿ ಪ್ರೆಸ್ಸಿಗೆ ಹೋಗುವವರೆಗೆ ಮುರಿಯದಂತೆ ಹಿಡಿದಿಡುತ್ತದೆ. ಹಾಗಾಗಿ ನಿನ್ನ ಗಂಟು, ನಿನ್ನ ಉದುರುವ ಮೂಲೆ, ಎರಡೂ ಒಂದೇ ರೋಗ. ಮಾಲಿನಲ್ಲಿ ಗಾಜಿನ ನಾರಿದ್ದರೆ 15 ನಿಮಿಷ ಓಡಿಸಿದ್ದರಿಂದ ಅದೂ ತುಂಡಾಗಿರಬೇಕು, ಮೂಲೆಗೆ ಇದ್ದ ಅಷ್ಟಿಷ್ಟು ಆಸರೆಯೂ ಹೋಯಿತು.

ಈಗ ಏನನ್ನು ಮೊದಲು ಹಾಕಬೇಕು ಅನ್ನುವುದಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ಮೊದಲು ಪಲ್ಪ್, ಅದರ ಜೊತೆ ಭಾರದ ಖನಿಜದ ಪುಡಿ ಬೆರೈಟಿಸ್‌ನ ಒಂದು ಭಾಗ. ಬೇರೇನೂ ಬೇಡ. ಪಲ್ಪನ್ನು ಚೀಲದಿಂದ ಇಡಿಯಾಗಿ ಸುರಿಯಬಾರದು. ಚೀಲದಲ್ಲಿ ಒತ್ತಿ ಒತ್ತಿ ತುಂಬಿರುತ್ತಾರೆ. ಕೈಯಿಂದ ಬಿಡಿಸಿ ಡ್ರಮ್ಮಿನ ಉದ್ದಕ್ಕೂ ಹರಡಬೇಕು. ಚಾಪರ್ ಆನ್ ಮಾಡಿ 3ರಿಂದ 5 ನಿಮಿಷ ಓಡಿಸು. ಆಂಧ್ರದ ಮಂಗಂಪೇಟೆಯಿಂದ ಬರುವ ಆ ಬೆರೈಟಿಸ್ ನೀರಿಗಿಂತ ನಾಲ್ಕೂವರೆ ಪಟ್ಟು ಭಾರ. ಪಲ್ಪ್ ಒಂದೂವರೆ ಪಟ್ಟೂ ಇಲ್ಲ. ಭಾರದ ಪುಡಿಯ ಕಣ ಎಳೆಗಳ ನಡುವೆ ನುಗ್ಗಿ ಅವನ್ನು ದೂರ ದೂರ ಇಡುತ್ತದೆ. ಪಲ್ಪ್ ಒಂದನ್ನೇ ಓಡಿಸಿದರೆ ಚಾಪರ್ ಬಡಿದ ಕಡೆ ಬಿಚ್ಚುತ್ತದೆ, ಮೂಲೆಯಲ್ಲಿ ಮತ್ತೆ ಸುತ್ತಿಕೊಳ್ಳುತ್ತದೆ.

ಆಮೇಲೆ ಉಳಿದ ಖನಿಜದ ಪುಡಿಗಳು, ರಬ್ಬರ್, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಫ್ರಿಕ್ಷನ್ ಡಸ್ಟ್. ಗ್ರಾಫೈಟನ್ನು ಯಾವತ್ತೂ ಪಲ್ಪಿನ ಜೊತೆ ಮೊದಲೇ ಹಾಕಬೇಡ. ಅದು ಜಾರುವ ವಸ್ತು. ಎಳೆಗಳ ಮೇಲೆ ಕೂತರೆ ಚಾಪರಿನ ಹೊಡೆತವೂ ಜಾರಿ ಹೋಗುತ್ತದೆ. ಎಲ್ಲವನ್ನೂ ಅಂಟಿಸಿ ಹಿಡಿಯುವ ರಾಳವನ್ನೂ ಆದಷ್ಟು ಕೊನೆಗೆ ಹಾಕು. ಫೀನಾಲಿಕ್ ರಾಳದ ಪುಡಿ ಬಿಸಿಗೆ ಮೆತ್ತಗಾಗುತ್ತದೆ. ಚಾಪರ್ ಓಡಿದಷ್ಟೂ ಮಾಲು ಕಾಯುತ್ತದೆ. ಪುಣೆಯ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಮಾಲು ಮೊದಲೇ ಬೆಚ್ಚಗಿರುತ್ತದೆ. ಹೊರಬರುವ ಮಾಲು 50 ಡಿಗ್ರಿ ದಾಟದಂತೆ ನೋಡಿಕೋ. ದಾಟುತ್ತಿದ್ದರೆ ಡ್ರಮ್ಮಿನ ಸುತ್ತಲಿನ ಜಾಕೆಟ್ಟಿನಲ್ಲಿ ತಣ್ಣೀರು ಹರಿಯುತ್ತಿದೆಯಾ ಅಂತ ಮುಟ್ಟಿ ನೋಡು.

ಗಾಜಿನ ನಾರು, ಉಕ್ಕಿನ ನಾರು ಇದ್ದರೆ ಎಲ್ಲಕ್ಕಿಂತ ಕೊನೆ. ಚಾಪರ್ ಆಫ್, ಬರೀ ಪ್ಲೋ, ಒಂದು ನಿಮಿಷ ಸಾಕು. ಗಾಜು ಮುರಿಯುತ್ತದೆ. ಉಕ್ಕು ಸುತ್ತಿಕೊಂಡು ಪಾತ್ರೆ ತಿಕ್ಕುವ ತಂತಿಯ ಉಂಡೆಯಾಗುತ್ತದೆ. ಪಲ್ಪಿಗೆ ಏಟು ಜಾಸ್ತಿ ಬೇಕು, ಇವಕ್ಕೆ ಕಮ್ಮಿ. ನೀವು ಎಲ್ಲ ನಾರನ್ನೂ ಒಂದೇ ಸಲ ಸುರಿಯುತ್ತಿದ್ದರೆ ಎಷ್ಟು ನಿಮಿಷ ಇಟ್ಟರೂ ಅದು ಸರಿ ಬರುವುದಿಲ್ಲ.

ಇನ್ನೊಂದು, ತುಂಬುವ ಅಳತೆ. ಪ್ರೊಡಕ್ಷನ್‌ನವರು ಕಿಲೋ ಲೆಕ್ಕದಲ್ಲಿ ಮಾತಾಡುತ್ತಾರೆ. 100 ಕಿಲೋ ಬ್ಯಾಚಿಗೆ ಪಲ್ಪ್ 3 ಕಿಲೋ ಅಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬಿಚ್ಚಿದ ಮೇಲೆ ಆ 3 ಕಿಲೋ ಉಬ್ಬಿ ಇಡೀ ಬ್ಯಾಚನ್ನೇ ಎಬ್ಬಿಸುತ್ತದೆ. ಇಂಥ ಮಿಕ್ಸರನ್ನು ಅರ್ಧದಿಂದ ಮುಕ್ಕಾಲಿನೊಳಗೆ, 70 ಶೇಕಡಾ ಮೀರದಂತೆ ತುಂಬಬೇಕು. ಅದೂ ಉಬ್ಬಿದ ಮಾಲಿನ ಲೆಕ್ಕದಲ್ಲಿ. ಮೇಲೆ ಜಾಗ ಇಲ್ಲದಿದ್ದರೆ ಮಾಲು ಹಾರುವುದಿಲ್ಲ. ಹಾರದಿದ್ದರೆ ಚಾಪರಿನ ಬಾಯಿಗೆ ಬರುವುದಿಲ್ಲ. ತಿಂಗಳ ಕೊನೆಯ ಟಾರ್ಗೆಟ್ಟಿಗೆ "ಇನ್ನು 10 ಕಿಲೋ ಹಾಕು" ಅನ್ನುವವರು ಸಿಗುತ್ತಾರೆ. ಬೇಡ ಅನ್ನು. ಅಲ್ಲಿ ಉಳಿಸಿದ ಬ್ಯಾಚು ಆಮೇಲೆ ಸ್ಕ್ರ್ಯಾಪ್ ಬಿನ್ನಿನಲ್ಲಿ ಸಿಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಗಂಟು ಬಂದರೆ ಚಾಪರನ್ನೇ ನೋಡು. ನಾನು ಕೆಲಸ ಮಾಡಿದ ಒಂದು ಕಡೆ ಮಳೆಗಾಲ ಪೂರ್ತಿ "ಗಾಠೀ ಆಲ್ಯಾ ಸಾಹೇಬ" (ಗಂಟು ಬಂದಿವೆ ಸಾಹೇಬರೇ) ಅನ್ನುವುದೇ ಬೆಳಗಿನ ಮೊದಲ ಮಾತಾಗಿತ್ತು. ಪಲ್ಪ್ ಸಪ್ಲೈಯರನ್ನು ಬೈದರು. ಪಲ್ಪ್ ಬದಲಿಸಿದರು. ತೇವ ಅಂದರು, ಚೀಲಗಳನ್ನು ಒವನ್ನಿನಲ್ಲಿ ಒಣಗಿಸಿದರು. ಕೊನೆಗೆ ಒಬ್ಬ ಹಳೆಯ ಫಿಟ್ಟರ್ ಮುಚ್ಚಳ ತೆಗೆಸಿ ಚಾಪರನ್ನು ಒಂದು ಕ್ಷಣ ಓಡಿಸಿ ನೋಡಿದ. ಉಲ್ಟಾ ತಿರುಗುತ್ತಿತ್ತು! ಮೋಟಾರು ರಿವೈಂಡಿಂಗ್ ಆಗಿ ಬಂದಾಗ ಎರಡು ಫೇಸ್ ಅದಲು ಬದಲಾಗಿದ್ದವು. ಬ್ಲೇಡಿನ ಚೂಪು ಹಿಂದೆ, ಮೊಂಡು ಬೆನ್ನು ಮುಂದೆ. ಸದ್ದು ಅದೇ, ದೀಪ ಅದೇ. ಯಾರಿಗೆ ಗೊತ್ತಾಗಬೇಕು? ಆಂಪಿಯರ್ ಮೀಟರ್ ಮಾತ್ರ ತಿಂಗಳುಗಟ್ಟಲೆ ಕಮ್ಮಿ ತೋರಿಸುತ್ತಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ನೀನು ಬ್ಯಾಚಿಗೊಂದು ಸಲ ಚಾಪರ್ ಆಂಪ್ಸ್ ಬರೆಸು. ಬ್ಲೇಡು ಸವೆದರೂ ಅದರಲ್ಲೇ ಗೊತ್ತಾಗುತ್ತದೆ. ಮಾಲಿನಲ್ಲಿರುವ ಗಡಸು ಪುಡಿ ಅಲ್ಯುಮಿನಾ ತಿಂದು ತಿಂದು ಬ್ಲೇಡಿನ ಅಂಚು ಗುಂಡಗಾಗುವುದಕ್ಕೆ ಬಹಳ ದಿನ ಬೇಡ.

ಅಂದಹಾಗೆ, ಮುಚ್ಚಳ ತೆಗೆಯುವಾಗ ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿನ್ನ ಜೇಬಿನಲ್ಲಿಟ್ಟುಕೋ. ಆ ಫಿಟ್ಟರ್ ಮಾಡಿದ ಹಾಗೆ ತೆರೆದು ಓಡಿಸಿ ನೋಡಲು ಹೋಗಬೇಡ. ದಿಕ್ಕು ನೋಡುವುದಕ್ಕೆ ಮೋಟಾರಿನ ಹಿಂದಿನ ಫ್ಯಾನ್ ಸಾಕು. ಬಾಗಿಲು ತೆರೆದರೆ ಮಿಕ್ಸರ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿಗೆ ತಂತಿ ಕಟ್ಟಿ ಬೈಪಾಸ್ ಮಾಡಿದ್ದು ಕಂಡರೆ ಅವತ್ತೇ ಕಿತ್ತುಹಾಕಿಸು, ಇನ್‌ಚಾರ್ಜ್ ಏನೇ ಅನ್ನಲಿ.

ಪರೀಕ್ಷೆ ಹೇಗೆ ಅಂದೆ. ಮೇಲಿನಿಂದ ಒಂದು ಹಿಡಿ ತೆಗೆದುಕೊಂಡು "ಚೆನ್ನಾಗಿದೆ" ಅನ್ನುವುದು ಸುಮ್ನೆ. ಮಾಲು ಇಳಿಯುವಾಗ ಮೊದಲು, ನಡುವೆ, ಕೊನೆಗೆ, ಮೂರು ಸಲ ಸ್ಯಾಂಪಲ್ ಹಿಡಿ. ಒಂದೊಂದರಲ್ಲೂ 100 ಗ್ರಾಂ ಜರಡಿಗೆ ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ಆಡಿಸು. ಪುಡಿ ಇಳಿಯುತ್ತದೆ, ಗಂಟು ಮೇಲೆ ಉಳಿಯುತ್ತದೆ. ಉಕ್ಕಿನ ನಾರಿದ್ದರೆ ಅಯಸ್ಕಾಂತದಿಂದ ಎತ್ತಿಬಿಡು. ಉಳಿದದ್ದನ್ನು ತೂಗು. ಇನ್ನೊಂದಿಷ್ಟನ್ನು ಫರ್ನೇಸಿನಲ್ಲಿ ಸುಟ್ಟು ಬೂದಿಯ ತೂಕ ನೋಡು. ಪಲ್ಪ್, ರಾಳ, ರಬ್ಬರ್ ಸುಟ್ಟುಹೋಗುತ್ತವೆ, ಖನಿಜ ಉಳಿಯುತ್ತದೆ. ಮೂರು ಬೂದಿಯೂ ಹತ್ತಿರ ಹತ್ತಿರ ಬಂದರೆ ಹಂಚಿಕೆ ಸರಿಯಿದೆ. ಜರಡಿ ಹೇಳುವುದು ಬಿಚ್ಚಿದ್ದರ ಬಗ್ಗೆ, ಬೂದಿ ಹೇಳುವುದು ಹಂಚಿದ್ದರ ಬಗ್ಗೆ. ಎರಡೂ ಬೇಕು. ಬೂದಿ ಸರಿಯಿದ್ದು ಗಂಟು ಇರಬಹುದು, ನಿನ್ನದು ಹಾಗೇ ಇದೆ ಅಂತ ನನ್ನ ಅನುಮಾನ.

ಮಿಕ್ಸರಿನಿಂದ ಇಳಿದ ಮೇಲೂ ಮಾಲು ಕೆಡಬಹುದು. ಎತ್ತರದಿಂದ ಹಾಪರಿಗೆ ಬಿದ್ದರೆ, ಟ್ರಾಲಿ ಒಡೆದ ನೆಲದ ಮೇಲೆ ಗಡಗಡ ಅಂತ ಹೋದರೆ, ಭಾರದ್ದು ಕೆಳಗೆ ಸೇರುತ್ತದೆ. ಹಾಪರಿಗೆ ವೈಬ್ರೇಟರ್ ಹಾಕಿದ್ದಾರಾ ನೋಡು, ಅದರ ನಡುಕವೂ ಇದನ್ನೇ ಮಾಡುತ್ತದೆ.

ಹವೆಯ ಕಡೆಗೂ ಗಮನ ಇರಲಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪಲ್ಪ್ ಚೀಲ ತೇವ ಹೀರುತ್ತದೆ, ರಾಳ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಒಣ ಗಾಳಿಯಲ್ಲಿ ಉಲ್ಟಾ, ಪಲ್ಪು ಗೋಡೆಗೂ ಕೈಗೂ ಅಂಟಿಕೊಳ್ಳುತ್ತದೆ. ಅದು ಸ್ಥಿರ ವಿದ್ಯುತ್ತು. ಮಿಕ್ಸರಿನ ಅರ್ಥಿಂಗ್ ವರ್ಷಕ್ಕೊಂದು ಸಲ ಕಾಗದದ ಮೇಲೆ ಚೆಕ್ ಆದರೆ ಸಾಲದು. ರಾಳದ ಪುಡಿ ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿಗೆ ಸಿಡಿಯುವಂಥದ್ದು. ಕಂಪ್ರೆಸ್ಡ್ ಏರ್ ಹಿಡಿದು ನೆಲ ಊದುವುದನ್ನು ನಿನ್ನ ವಿಭಾಗದಲ್ಲಿ ನಿಲ್ಲಿಸು. ವ್ಯಾಕ್ಯೂಮ್ ಕೇಳು.

ಮಾಸ್ಕ್ ವಿಷಯಕ್ಕೆ ನಾನು ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೋ. ನಾವು ಈ ಕೆಲಸಕ್ಕೆ ಬಂದಾಗ ನಾರು ಅಂದರೆ ಕಲ್ನಾರು, ಅಸ್‌ಬೆಸ್ಟಾಸ್. ಬೆರೆಸುವುದಕ್ಕೆ ಅದರಷ್ಟು ಹೇಳಿದ ಮಾತು ಕೇಳುವ ನಾರು ಇನ್ನೊಂದಿರಲಿಲ್ಲ. ಬಿಚ್ಚುವ ತಲೆನೋವೇ ಕಡಿಮೆ. ಆದರೆ ಅದು ಪುಪ್ಪುಸಕ್ಕೆ ಹೋಗಿ ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ತರುತ್ತದೆ. ಸುಪ್ರೀಂ ಕೋರ್ಟು 1995ರಲ್ಲಿ ಅಸ್‌ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂದದ್ದು ಸುಮ್ನೆ ಅಲ್ಲ. ನಿಮ್ಮಲ್ಲಿ ಅದು ಇಲ್ಲ, ಒಳ್ಳೆಯದೇ ಆಯಿತು. ಹಾಗಂತ ಈಗಿನ ಧೂಳು ಅರಿಶಿನ ಕುಂಕುಮ ಅಲ್ಲ. ಕರವಸ್ತ್ರ ಕಟ್ಟಿದರೆ ಮಾಸ್ಕ್ ಆಗುವುದಿಲ್ಲ. ಪಲ್ಪ್ ಬಿಡಿಸುವ ಹುಡುಗರಿಗೆ ಮೊದಲು ಕೊಡಿಸು, ಆಮೇಲೆ ನೀನು ಹಾಕಿಕೋ. ಆ ಹುಡುಗರ ಜೊತೆ ಮರಾಠಿಯಲ್ಲೇ ಮಾತಾಡು. ತಪ್ಪು ತಪ್ಪಾದರೂ ಪರವಾಗಿಲ್ಲ, ಅವರು ನಗುತ್ತಾರೆ, ಕಲಿಸುತ್ತಾರೆ. ಮಿಕ್ಸರಿನ ಸದ್ದು ಬದಲಾದದ್ದು ಮೊದಲು ಗೊತ್ತಾಗುವುದು ಅವರಿಗೇ.

ಇನ್‌ಚಾರ್ಜ್ ಜೊತೆ ಜಗಳ ಬೇಡ. ಟೈಮ್ ಹಳೆಯ 8 ನಿಮಿಷವೇ ಇರಲಿ, ಅಳತೆ ಬದಲಿಸಬೇಡ. ಹಾಕುವ ಕ್ರಮ ಒಂದನ್ನೇ ಬದಲಿಸಿ ಮೂರು ಬ್ಯಾಚ್ ಮಾಡಲು ಒಪ್ಪಿಗೆ ಕೇಳು. ಹಳೆಯದು, ಹೊಸದು, ಎರಡರ ಜರಡಿ ತೂಕ ಪಕ್ಕಪಕ್ಕ ಬರೆದು ಟೇಬಲ್ ಮೇಲಿಡು. ಮಾತಾಡುವ ಅಗತ್ಯ ಬರುವುದಿಲ್ಲ.

ಗುರುವಾರ ರಜೆ ಇದ್ದರೆ ಊಟಕ್ಕೇ ಬಾ. ಅತ್ತೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾಳೆ. ಬರುವಾಗ ಚಾಪರ್ ಆಂಪ್ಸ್, ಜರಡಿ ತೂಕ, ಬೂದಿಯ ಅಂಕಿ ಬರೆದುಕೊಂಡು ಬಾ. ಫಾರ್ಮುಲಾ ಮಾತ್ರ ತರಬೇಡ, ಅದು ಕಂಪನಿಯ ಗುಟ್ಟು, ನನಗೂ ಬೇಡ. ಮತ್ತೆ ನಿನ್ನ ಅವ್ವನಿಗೆ ವಾರಕ್ಕೊಂದು ಫೋನಾದರೂ ಮಾಡು. ಅವಳ ದೂರು ಕೇಳುವ ಡ್ಯೂಟಿ ಈಗ ನನಗೆ ಬಿದ್ದಿದೆ.

ಇಂತಿ,
ನಿನ್ನ ಸೋದರಮಾವ