ಬಟವಾಡೆ ತಡೆಯಿರಿ, ಹುಡುಗರ ಆಟ ತಡೆಯಬೇಡಿ

ಅಮೆರಿಕದ ಪ್ರತಿನಿಧಿಗಳ ಸದನದಲ್ಲಿ ಮಿಷಿಗನ್‌ನ 13ನೇ ಕ್ಷೇತ್ರವನ್ನು ಪ್ರತಿನಿಧಿಸುವ ಶ್ರೀ ಥಾನೇದಾರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳಲ್ಲ. ನಮ್ಮ ಮನೆ ಇರುವುದು ಕ್ಯಾಂಟನ್‌ನಲ್ಲಿ, ಪಕ್ಕದ ಕ್ಷೇತ್ರದಲ್ಲಿ. ಆದರೂ ನಿಮಗೇ ಬರೆಯಬೇಕು ಅನ್ನಿಸಿತು. ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ಓದಲೆಂದು ಈ ದೇಶಕ್ಕೆ ಬಂದು, ಈಗ ವಾಷಿಂಗ್ಟನ್‌ನ ಆ ಸದನದಲ್ಲಿ ಕೂತಿರುವವರು ನೀವು. ನಮ್ಮ ಕಡೆಯಿಂದ ಬಂದ ತಂದೆತಾಯಿಗೆ ಕಾಲೇಜು ಅಂದರೆ ಏನು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ಟ್ರಾಯ್, ನೋವೈ, ಕ್ಯಾಂಟನ್ ಕಡೆಯ ನಮ್ಮ ಜನ ಮಕ್ಕಳನ್ನು ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಕಳಿಸುತ್ತಾರೆ. ಅವರೂ ಇದನ್ನು ಓದಬೇಕು. ನಾನು ಕೇಳುವುದು ಇಷ್ಟೇ: ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟ ವಿಶ್ವವಿದ್ಯಾಲಯಕ್ಕೆ ಕ್ರೀಡೆಯಿಂದ ಬರುವ ಹಣ ತಡೆಯಬೇಕು, ಅಲ್ಲಿ ಆಡುವ ಮಕ್ಕಳನ್ನು ಶಿಕ್ಷಿಸಬಾರದು.

2018ರ ಜನವರಿ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ, ವಾರಕ್ಕೆ ಮೂರು ಸಂಜೆ ಜಿಮ್ನಾಸ್ಟಿಕ್ಸ್ ಅಭ್ಯಾಸ. ತಾಯಂದಿರೆಲ್ಲ ಗಾಜಿನ ಗೋಡೆಯ ಈಚೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆವು. ಸಾಮಾನ್ಯವಾಗಿ ಅಲ್ಲಿ ಮಾತು, ನಗು, ಡಬ್ಬಿಯಲ್ಲಿ ತಂದ ತಿಂಡಿ. ಆ ವಾರ ಯಾರೂ ಮಾತಾಡಲಿಲ್ಲ. ಎಲ್ಲರ ಕೈಯ ಫೋನಿನಲ್ಲೂ ಒಂದೇ ದೃಶ್ಯ: ಲ್ಯಾನ್ಸಿಂಗ್‌ನ ನ್ಯಾಯಾಲಯ, ನ್ಯಾಯಾಧೀಶೆ ರೋಸ್‌ಮೇರಿ ಅಕ್ವಿಲಿನಾ, ಅವರೆದುರು ಒಬ್ಬರಾದ ಮೇಲೊಬ್ಬರಂತೆ ನಿಂತು ಮಾತಾಡುತ್ತಿದ್ದ ಹೆಣ್ಣುಮಕ್ಕಳು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ತಮಗೇನು ಮಾಡಿದ ಎಂದು ಏಳು ದಿನ, 156 ಹೇಳಿಕೆಗಳು. ಆತ ತಪಾಸಣೆ ಮಾಡುವಾಗ ಕೆಲವರ ತಾಯಂದಿರು ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿರುತ್ತಿದ್ದರಂತೆ. ಅವರ ಕಣ್ಣಿಗೆ ಬೀಳದಂತೆ ಆತ ತನ್ನ ಮೈಯನ್ನೇ ಅಡ್ಡ ಮಾಡಿ ನಿಲ್ಲುತ್ತಿದ್ದನಂತೆ. ನಾನು ತಲೆ ಎತ್ತಿ ಗಾಜಿನಾಚೆ ನೋಡಿದೆ. ಮಗಳು ಅಂಗೈಗೆ ಬಿಳಿ ಪುಡಿ ಬಳಿದುಕೊಂಡು, ಕಂಬಿಗೆ ನೇತುಬೀಳುವ ಮುಂಚೆ ನನ್ನ ಕಡೆ ನೋಡಿ ಕೈ ಬೀಸಿದಳು.

ಆ ಒಬ್ಬ ಮನುಷ್ಯನಿಗೆ ಕಾನೂನು ಶಿಕ್ಷೆ ಕೊಟ್ಟಿತು: 40ರಿಂದ 175 ವರ್ಷ. ನನ್ನ ಪ್ರಶ್ನೆ ಅವನ ಬಗ್ಗೆ ಅಲ್ಲ, ಅವನಿಗೆ ನೆರಳು ಕೊಟ್ಟ ಸಂಸ್ಥೆಯ ಬಗ್ಗೆ. 1997ರಲ್ಲೇ ತರಬೇತುದಾರರಿಗೆ ಹೇಳಿದ್ದೆವು ಎಂದು ಹುಡುಗಿಯರು ನುಡಿದಿದ್ದಾರೆ. 2014ರಲ್ಲಿ ಒಬ್ಬರು ದೂರು ಕೊಟ್ಟಾಗ ವಿಶ್ವವಿದ್ಯಾಲಯ ವಿಚಾರಣೆ ನಡೆಸಿ ಆತನದೇನೂ ತಪ್ಪಿಲ್ಲ ಎಂದು ಬಿಟ್ಟುಬಿಟ್ಟಿತು. 2016ರಲ್ಲಿ ಇಂಡಿಯಾನಾಪೊಲಿಸ್‌ನ ಪತ್ರಿಕೆ ಬರೆದ ಮೇಲಷ್ಟೇ ಕೆಲಸದಿಂದ ತೆಗೆದರು. 2018ರ ಮೇ ತಿಂಗಳಲ್ಲಿ 332 ಮಂದಿಗೆ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದರು. ಅದೇ ಆಗಸ್ಟಿನಲ್ಲಿ ಎನ್‌ಸಿಎಎ, ಅಂದರೆ ಇಡೀ ದೇಶದ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಸಂಸ್ಥೆ, ತನ್ನ ಯಾವ ನಿಯಮವೂ ಮುರಿದಿಲ್ಲ ಎಂದು ಕಡತ ಮುಚ್ಚಿತು. ಮಿಷಿಗನ್ ಸ್ಟೇಟ್ ಸೇರಿರುವ ಬಿಗ್ ಟೆನ್ ಕಾನ್ಫರೆನ್ಸ್, ಅಂದರೆ ಆಟಕ್ಕಾಗಿ ಒಟ್ಟುಗೂಡಿದ ವಿಶ್ವವಿದ್ಯಾಲಯಗಳ ಸಂಘ, ಒಂದು ಡಾಲರಿನ ದಂಡವನ್ನೂ ಹಾಕಲಿಲ್ಲ.

ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. 2017ರ ಡಿಸೆಂಬರ್ 7ರಂದು ಫೆಡರಲ್ ನ್ಯಾಯಾಲಯ ಬೇರೊಂದು ಪ್ರಕರಣದಲ್ಲಿ ನಾಸರ್‌ಗೆ 60 ವರ್ಷ ಶಿಕ್ಷೆ ಕೊಟ್ಟಿತು. ಅದೇ ತಿಂಗಳ 28ರಂದು ಮಿಷಿಗನ್ ಸ್ಟೇಟ್ ಫುಟ್‌ಬಾಲ್ ತಂಡ ಹಾಲಿಡೇ ಬೌಲ್ ಆಡಿ ಗೆದ್ದಿತು. ಋತುವಿನ ಕೊನೆಗೆ ಆಯ್ದ ತಂಡಗಳು ಆಡುವ ಪಂದ್ಯಕ್ಕೆ ಬೌಲ್ ಎನ್ನುತ್ತಾರೆ. ಆಡಿದ ಹುಡುಗರದು ತಪ್ಪಲ್ಲ, ಗೆದ್ದದ್ದೂ ತಪ್ಪಲ್ಲ. ಆದರೆ ಕಾನ್ಫರೆನ್ಸಿನಿಂದ ವಿಶ್ವವಿದ್ಯಾಲಯಕ್ಕೆ ಬರುವ ಪಾಲು ಮಾತ್ರ ಏನೂ ಆಗಿಲ್ಲವೆಂಬಂತೆ ಬರುತ್ತಲೇ ಇತ್ತು.

ಕಾನ್ಫರೆನ್ಸ್ ಅಂದರೇನು ಎಂದು ನಮ್ಮ ಜನ ಕೇಳಿದಾಗ ನಾನು ಹಾಲಿನ ಡೇರಿಯ ಉದಾಹರಣೆ ಕೊಡುತ್ತೇನೆ. ಹಾಸನದ ಹತ್ತಿರದ ನಮ್ಮೂರಲ್ಲಿ ಅಪ್ಪ ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಸಂಘಕ್ಕೆ ಹೋಗುತ್ತಿದ್ದರು, ಹಿಂದೆ ನಾನು. ಪ್ರತಿಯೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಸಿ ನೋಡಿದ ಮೇಲೇ ದೊಡ್ಡ ಕ್ಯಾನಿಗೆ ಸುರಿಯುವುದು. ಒಂದು ದಿನ ಊರಿನ ದೊಡ್ಡ ಕುಳವೊಬ್ಬರ ಹಾಲಿನಲ್ಲಿ ನೀರು ಕಂಡಿತು. ಕಾರ್ಯದರ್ಶಿ ಏನೂ ಮಾತಾಡದೆ ಆ ಹಾಲನ್ನು ಪಕ್ಕಕ್ಕಿಟ್ಟರು. ಆ ವಾರದ ಬಟವಾಡೆಯಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಸಂಘ ಅವರ ಹಸುವನ್ನು ಹೊಡೆಯಲಿಲ್ಲ, ಕರೆದುಕೊಟ್ಟ ಹುಡುಗನನ್ನು ಬೈಯಲಿಲ್ಲ. ದುಡ್ಡು ಹಿಡಿಯಿತು, ಅಷ್ಟೆ. ಕಾನ್ಫರೆನ್ಸೂ ಅಂಥದ್ದೇ ಒಂದು ಸಂಘ. ಸದಸ್ಯ ವಿಶ್ವವಿದ್ಯಾಲಯಗಳ ಆಟವನ್ನೆಲ್ಲ ಒಟ್ಟುಗೂಡಿಸಿ ಒಂದೇ ಹೆಸರಿನಲ್ಲಿ ಟಿವಿಗೆ ಮಾರುತ್ತದೆ, ಬಂದ ಹಣ ಹಂಚುತ್ತದೆ. ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜತೆ ಮಾಡಿಕೊಂಡ ಏಳು ವರ್ಷದ ಒಪ್ಪಂದವೇ 700 ಕೋಟಿ ಡಾಲರ್ ದಾಟಿತು. ಇಷ್ಟು ಹಣ ಹಂಚುವ ಸಂಘಕ್ಕೆ ಒಂದು ಲ್ಯಾಕ್ಟೋಮೀಟರ್ ಬೇಡವೇ?

ಶಿಕ್ಷಿಸಲು ಕಾನ್ಫರೆನ್ಸಿಗೆ ಶಕ್ತಿಯಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. 2023ರ ಅಕ್ಟೋಬರ್ 19ರಂದು ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಮೇಲೆ ಆರೋಪ ಬಂತು: ಎದುರಾಳಿ ತರಬೇತುದಾರರು ಮೈದಾನದ ಬದಿಯಿಂದ ತೋರಿಸುವ ಸನ್ನೆಗಳನ್ನು ಮುಂಚೆಯೇ ಹೋಗಿ ಚಿತ್ರೀಕರಿಸಿ ಕದಿಯುತ್ತಿದ್ದಾರೆ ಎಂದು. ನವೆಂಬರ್ 10ರಂದು ಬಿಗ್ ಟೆನ್ ಆಯುಕ್ತ ಟೋನಿ ಪೆಟಿಟಿ, ಎನ್‌ಸಿಎಎ ವಿಚಾರಣೆ ಮುಗಿಯಲೆಂದು ಕಾಯದೆ, ಕಾನ್ಫರೆನ್ಸಿನ ಕ್ರೀಡಾಮನೋಭಾವದ ನಿಯಮದಡಿ ತರಬೇತುದಾರ ಜಿಮ್ ಹಾರ್ಬಾ ಅವರನ್ನು ಮೂರು ಪಂದ್ಯ ಹೊರಗಿಟ್ಟರು. ಇಪ್ಪತ್ತೆರಡು ದಿನದಲ್ಲಿ ತೀರ್ಮಾನವಾಗಿತ್ತು. ಮಾಡಿದ್ದು ಸರಿಯೇ, ಆಟದಲ್ಲಿ ಮೋಸ ಮೋಸವೇ. ಆದರೆ ಸನ್ನೆ ಕದ್ದವರಿಗೆ ಅನ್ವಯವಾಗುವ ನಿಯಮ, ಆಟಗಾರ್ತಿಯರ ಮೈಮೇಲೆ ಕೈಹಾಕಿದವನಿಗೆ ಸುಮಾರು ಇಪ್ಪತ್ತು ವರ್ಷ ಕೋಣೆ, ಸಂಬಳ, ಬಿಳಿ ಕೋಟು ಕೊಟ್ಟ ಸಂಸ್ಥೆಗೆ ಅನ್ವಯವಾಗುವುದಿಲ್ಲ ಎಂದರೆ, ಆ ನಿಯಮವನ್ನು ಬರೆದವರ ಎದುರು ನಾನು ತಾಯಿಯಾಗಿ ನಿಂತು ಕೇಳಲೇಬೇಕಾಗುತ್ತದೆ.

ಯಾಕೆ ಹೀಗೆ? ತೀರ್ಪು ಕೊಡುವವರು ಉಳಿದ ವಿಶ್ವವಿದ್ಯಾಲಯಗಳ ಅಧ್ಯಕ್ಷರು. ಎಲ್ಲರ ಮನೆಯ ದೋಸೆಯೂ ತೂತೇ. ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಆಂಡರ್ಸನ್ ದಶಕಗಳ ಕಾಲ ಮಾಡಿದ ಲೈಂಗಿಕ ದೌರ್ಜನ್ಯಕ್ಕೆ ಸಾವಿರಕ್ಕೂ ಹೆಚ್ಚು ಜನರಿಗೆ 49 ಕೋಟಿ ಡಾಲರ್ ಕೊಡಲು 2022ರಲ್ಲಿ ಒಪ್ಪಬೇಕಾಯಿತು. ಒಹಾಯೊ ಸ್ಟೇಟ್‌ನ ವೈದ್ಯ ರಿಚರ್ಡ್ ಸ್ಟ್ರಾಸ್ ಕನಿಷ್ಠ 177 ವಿದ್ಯಾರ್ಥಿಗಳನ್ನು ಪೀಡಿಸಿದ್ದ ಎಂದು 2019ರ ತನಿಖಾ ವರದಿ ಹೇಳಿತು. ಪೆನ್ ಸ್ಟೇಟ್‌ನ ಫುಟ್‌ಬಾಲ್ ಸಹಾಯಕ ತರಬೇತುದಾರನಾಗಿದ್ದ, ಮಕ್ಕಳನ್ನು ಪೀಡಿಸಿದ ಜೆರ್ರಿ ಸ್ಯಾಂಡಸ್ಕಿ ಕಥೆ ಲೋಕಕ್ಕೇ ಗೊತ್ತು. ಒಂದೇ ಕಾನ್ಫರೆನ್ಸಿನ ನಾಲ್ಕು ಮನೆಗಳಿವು. ಇವತ್ತು ಪಕ್ಕದ ಮನೆಯವನಿಗೆ ದಂಡ ಹಾಕಿದರೆ ನಾಳೆ ನಮ್ಮ ಬಾಗಿಲಿಗೂ ಬರುತ್ತಾರೆ ಎಂಬ ಭಯ ಇರುವವರು ನ್ಯಾಯ ಹೇಳಲಾರರು.

ಪೆನ್ ಸ್ಟೇಟ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಲ್ಲಿ ಶಿಕ್ಷೆ ಆಗಿದೆ, ತಪ್ಪಾಗಿಯೂ ಆಗಿದೆ, ಸರಿಯಾಗಿಯೂ ಆಗಿದೆ. 2012ರ ಜುಲೈ 23ರಂದು ಎನ್‌ಸಿಎಎ 6 ಕೋಟಿ ಡಾಲರ್ ದಂಡ ಹಾಕಿತು, ನಾಲ್ಕು ವರ್ಷ ಬೌಲ್ ಪಂದ್ಯಗಳಿಂದ ಹೊರಗಿಟ್ಟಿತು, ವಿದ್ಯಾರ್ಥಿವೇತನಗಳನ್ನು ಕಡಿತ ಮಾಡಿತು, 1998ರಿಂದ 2011ರವರೆಗಿನ ಗೆಲುವುಗಳನ್ನೆಲ್ಲ ಅಳಿಸಿತು. ಸ್ಯಾಂಡಸ್ಕಿ ಮಕ್ಕಳನ್ನು ಪೀಡಿಸುತ್ತಿದ್ದಾಗ, 2012ರಲ್ಲಿ ಆಡುತ್ತಿದ್ದ ಆ ಹುಡುಗರಲ್ಲಿ ಎಷ್ಟೋ ಜನ ತಾವೇ ಮಕ್ಕಳಾಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. 2014ರಲ್ಲಿ ಬೌಲ್ ನಿಷೇಧ ತೆಗೆದರು, 2015ರಲ್ಲಿ ಅಳಿಸಿದ ಗೆಲುವುಗಳನ್ನು ವಾಪಸು ಬರೆದರು. ಆತುರದಲ್ಲಿ ಹಾಕಿದ ಶಿಕ್ಷೆ ಹೀಗೆಯೇ ಕರಗುತ್ತದೆ, ನೊಂದವರಿಗೆ ಮತ್ತೊಮ್ಮೆ ನೋವಾಗುತ್ತದೆ.

ಆದರೆ ಅದೇ ದಿನ ಬಿಗ್ ಟೆನ್ ಕೂಡ ಒಂದು ಕೆಲಸ ಮಾಡಿತು. ಕಾನ್ಫರೆನ್ಸ್ ಚಾಂಪಿಯನ್‌ಷಿಪ್ ಪಂದ್ಯದಿಂದ ತಂಡವನ್ನು ಹೊರಗಿಟ್ಟದ್ದನ್ನು ನಾನು ಒಪ್ಪುವುದಿಲ್ಲ. ಅದರ ಜತೆಗೇ, ನಾಲ್ಕು ವರ್ಷ ಪೆನ್ ಸ್ಟೇಟ್‌ಗೆ ಬರಬೇಕಾದ ಬೌಲ್ ಪಂದ್ಯಗಳ ಪಾಲನ್ನು, ಅಂದಾಜು 1.3 ಕೋಟಿ ಡಾಲರನ್ನು, ಬಿಗ್ ಟೆನ್ ಊರುಗಳಲ್ಲಿ ಮಕ್ಕಳ ರಕ್ಷಣೆಗೆ ದುಡಿಯುವ ಸಂಸ್ಥೆಗಳಿಗೆ ಕೊಡುವುದಾಗಿ ಹೇಳಿತು. ಪತ್ರಿಕೆಗಳಲ್ಲಿ ಇದು ಮೂಲೆಯ ಸುದ್ದಿ. ನನ್ನ ಮಟ್ಟಿಗೆ ಆ ದಿನದ ತೀರ್ಮಾನಗಳಲ್ಲೆಲ್ಲ ತಲೆಯಿದ್ದದ್ದು ಅದೊಂದಕ್ಕೇ. ಕ್ರೀಡೆಯಿಂದ ಬಂದ ಹಣ ಸಂಸ್ಥೆಯ ಕೈತಪ್ಪಿ, ಯಾರಿಗೆ ಅನ್ಯಾಯವಾಯಿತೋ ಅಂಥ ಮಕ್ಕಳ ಕಡೆ ಹೋಯಿತು.

ಇದಕ್ಕಿಂತ ಒಳ್ಳೆಯ ದಾರಿ ಟೆಕ್ಸಾಸ್‌ನ ಬೇಯ್ಲರ್ ವಿಶ್ವವಿದ್ಯಾಲಯದ ವಿಷಯದಲ್ಲಿ ಸಿಕ್ಕಿತು. ಫುಟ್‌ಬಾಲ್ ಆಟಗಾರರ ವಿರುದ್ಧ ಬಂದ ಅತ್ಯಾಚಾರದ ದೂರುಗಳನ್ನು ಅಲ್ಲಿನ ಆಡಳಿತ ನಿರ್ವಹಿಸಿದ ರೀತಿ 2016ರ ಮೇನಲ್ಲಿ ಬಯಲಾಯಿತು. ತರಬೇತುದಾರ ಆರ್ಟ್ ಬ್ರೈಲ್ಸ್ ಹೋದರು, ಅಧ್ಯಕ್ಷ ಕೆನ್ ಸ್ಟಾರ್ ಕೆಳಗಿಳಿದರು. 2017ರ ಫೆಬ್ರವರಿಯಲ್ಲಿ ಬಿಗ್ 12 ಕಾನ್ಫರೆನ್ಸ್ ಬೇಯ್ಲರ್‌ನ ಪಾಲಿನಲ್ಲಿ ಶೇ 25ನ್ನು ತಡೆಹಿಡಿಯಿತು. ತನಿಖೆಯಲ್ಲಿ ಬಂದ 105 ಶಿಫಾರಸುಗಳು ನಿಜಕ್ಕೂ ಜಾರಿಯಾಗಿವೆ ಎಂದು ಹೊರಗಿನವರು ಪರೀಕ್ಷಿಸಿ ಹೇಳುವವರೆಗೆ ದುಡ್ಡು ಇಲ್ಲ. 2018ರ ಅಕ್ಟೋಬರ್ ಹೊತ್ತಿಗೆ 1.4 ಕೋಟಿ ಡಾಲರಿಗೂ ಹೆಚ್ಚು ಹಣ ಹೀಗೆ ಕೂತಿತ್ತು. ಕೆಲಸ ಆಗಿದೆಯೆಂದು ಖಾತ್ರಿಯಾದ ಮೇಲೆ 20 ಲಕ್ಷ ಡಾಲರ್ ದಂಡ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರು. ಹುಡುಗರು ಆಡುತ್ತಲೇ ಇದ್ದರು. ದಂಡದ ಮೊತ್ತ ಕಡಿಮೆಯಾಯಿತು ಎಂದೇ ನನ್ನ ಅಭಿಪ್ರಾಯ, ಆದರೆ ದಾರಿ ಸರಿ. 2021ರಲ್ಲಿ ಎನ್‌ಸಿಎಎ ಎಂದಿನಂತೆ ಆ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ತನ್ನ ನಿಯಮ ಮುರಿದಿಲ್ಲ ಎಂದಿತು. ಕಾನ್ಫರೆನ್ಸ್ ಆ ತೀರ್ಪಿಗೆ ಕಾದಿದ್ದರೆ ಅಲ್ಲೂ ಏನೂ ಆಗುತ್ತಿರಲಿಲ್ಲ.

ಸದಸ್ಯರನ್ನು ಪೂರ್ತಿ ಹೊರಹಾಕುವುದೂ ಕಾನ್ಫರೆನ್ಸುಗಳಿಗೆ ಹೊಸತಲ್ಲ. ಟೆಂಪಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಬಿಗ್ ಈಸ್ಟ್ ಕಾನ್ಫರೆನ್ಸ್ 2004ರ ಋತು ಮುಗಿದ ಮೇಲೆ ಹೊರಗಟ್ಟಿತು. ಕಾರಣ, ತಂಡ ಸೋಲುತ್ತದೆ, ಜನ ನೋಡಲು ಬರುವುದಿಲ್ಲ. ಟಿಕೆಟ್ ಹೋಗದಿದ್ದಕ್ಕೆ ಬಾಗಿಲು ತೋರಿಸಬಲ್ಲವರು ಇವರು.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಎನ್‌ಸಿಎಎಗೂ ಕಾನ್ಫರೆನ್ಸುಗಳಿಗೂ ಆಂಟಿಟ್ರಸ್ಟ್, ಅಂದರೆ ಏಕಸ್ವಾಮ್ಯ ತಡೆಯುವ ಕಾನೂನಿನ, ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಸ್ಕೋರ್ ಮಸೂದೆ 2025ರ ಜುಲೈನಲ್ಲಿ ನಿಮ್ಮ ಸದನದಲ್ಲಿ ಮಂಡನೆಯಾಯಿತು. ಆ ಮಸೂದೆಯಾಗಲಿ, ಅಂಥ ಇನ್ನೊಂದಾಗಲಿ, ಆ ರಕ್ಷಣೆ ಬೇಕೆಂದು ಕಾನ್ಫರೆನ್ಸುಗಳು ನಿಮ್ಮ ಬಾಗಿಲಿಗೆ ಬರುತ್ತಲೇ ಇರುತ್ತವೆ. ಬಂದಾಗ ಷರತ್ತು ಹಾಕಿ. ಕ್ರೀಡಾ ವಿಭಾಗದಲ್ಲಿ ಲೈಂಗಿಕ ದೌರ್ಜನ್ಯ ನಡೆದು ಆಡಳಿತ ಅದನ್ನು ಮುಚ್ಚಿಟ್ಟದ್ದು ಸಾಬೀತಾದರೆ, ಆ ಸದಸ್ಯನ ಪಾಲು ತಾನಾಗಿ ತಡೆಯಾಗಬೇಕು. ಯಾರೂ ಮತ ಹಾಕುವ ಅಗತ್ಯವೇ ಬೀಳಬಾರದು. ಎಷ್ಟು ಕಾಲ ಎಂಬುದನ್ನು ಸದಸ್ಯರಲ್ಲದ, ನಿವೃತ್ತ ನ್ಯಾಯಾಧೀಶರಂಥವರು ಹೇಳಬೇಕು. ತಡೆದ ಹಣದ ಒಂದು ಭಾಗ ಆ ರಾಜ್ಯದಲ್ಲೇ ನೊಂದವರ ಚಿಕಿತ್ಸೆಗೆ ಹೋಗಬೇಕು. ಆಟಗಾರರಿಗೆ ಬೌಲ್ ನಿಷೇಧ ಬೇಡ. ಬೇರೆ ಕಡೆ ಹೋಗಬೇಕೆನ್ನುವವರಿಗೆ ದಾರಿ ಬಿಡಿ, ಇರುವವರ ವಿದ್ಯಾರ್ಥಿವೇತನ ಮುಟ್ಟಬೇಡಿ.

ಇಲ್ಲೊಂದು ನಿಜವಾದ ತೊಡಕಿದೆ, ಮುಚ್ಚಿಡುವುದಿಲ್ಲ. ಪಾಲು ಕಡಿಮೆಯಾದರೆ ವಿಶ್ವವಿದ್ಯಾಲಯ ಮೊದಲು ಕತ್ತರಿ ಹಾಕುವುದು ಫುಟ್‌ಬಾಲಿಗಲ್ಲ, ಸಣ್ಣ ಆಟಗಳಿಗೆ. ಮಿಷಿಗನ್ ಸ್ಟೇಟ್ 2020ರಲ್ಲಿ ಖರ್ಚು ಉಳಿಸಲು ಕೈಬಿಟ್ಟದ್ದು ಪುರುಷರ, ಮಹಿಳೆಯರ ಈಜು ತಂಡಗಳನ್ನು. ನಾಸರ್‌ನಿಂದ ನೊಂದವರ ಹೆಸರಿನಲ್ಲಿ ದಂಡ ಹಾಕಿ, ಅದರ ಹೊರೆಯನ್ನು ಮತ್ತೆ ಹೆಣ್ಣುಮಕ್ಕಳೇ ಹೊರುವಂತಾದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಹಾಗಾಗಿ ತಡೆಯ ಅವಧಿಯಲ್ಲಿ ಯಾವ ತಂಡವನ್ನೂ ಮುಚ್ಚಕೂಡದು, ಕಡಿತ ಅಧಿಕಾರಿಗಳ ಮತ್ತು ಮುಖ್ಯ ತರಬೇತುದಾರರ ಸಂಬಳದಿಂದಲೇ ಶುರುವಾಗಬೇಕು ಎಂಬ ಸಾಲು ಆ ಕಾನೂನಿನಲ್ಲಿ ಇರಲೇಬೇಕು. ಅದನ್ನು ಬಿಗಿಯಾಗಿ ಬರೆಯುವುದು ಹೇಗೆ ಎಂದು ನನಗಿಂತ ನಿಮ್ಮ ಕಚೇರಿಯವರು ಚೆನ್ನಾಗಿ ಬಲ್ಲರು.

ಆ ಏಳು ದಿನಗಳ ಕೊನೆಗೆ ಮಾತಾಡಿದವರು ರೇಚಲ್ ಡೆನ್‌ಹಾಲಂಡರ್, ಮೊದಲು ಹೆಸರು ಹೇಳಿ ದೂರಿದವರೂ ಅವರೇ. ಒಂದು ಹೆಣ್ಣುಮಗುವಿಗೆ ಬೆಲೆ ಎಷ್ಟು ಎಂದು ಆಕೆ ನ್ಯಾಯಾಲಯವನ್ನು ಕೇಳಿದರು. ನ್ಯಾಯಾಧೀಶೆ ಉತ್ತರ ಕೊಟ್ಟರು. ಬಿಗ್ ಟೆನ್ ಇನ್ನೂ ಕೊಟ್ಟಿಲ್ಲ.

ನನ್ನ ಮಗಳು ಜಿಮ್ನಾಸ್ಟಿಕ್ಸ್ ಬಿಟ್ಟು ಈಗ ಓಟಕ್ಕೆ ಸೇರಿದ್ದಾಳೆ. ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಓದಬೇಕೆಂಬುದು ಅವಳ ಆಸೆ. ಬೇಡ ಎನ್ನಲು ನನಗೆ ಮನಸ್ಸಿಲ್ಲ. ಅರ್ಜಿ ತುಂಬುವಾಗ ಪಕ್ಕದಲ್ಲೇ ಕೂತಿದ್ದೆ. ಕಾನ್ಫರೆನ್ಸ್ ರಕ್ಷಣೆಯ ಮಸೂದೆ ಮತಕ್ಕೆ ಬಂದ ದಿನ ಮೇಲಿನ ಷರತ್ತಿಲ್ಲದೆ ನೀವು ಹೌದು ಎನ್ನುತ್ತೀರಾ, ಇಲ್ಲವಾ, ಇದೊಂದನ್ನು ನನಗೆ ಬರೆದು ತಿಳಿಸಿ. ಉತ್ತರ ಇಂಗ್ಲಿಷಿನಲ್ಲಿದ್ದರೂ ಸರಿ, ಮರಾಠಿಯಲ್ಲಿದ್ದರೂ ಸರಿ. ನಮ್ಮತ್ತೆ ಬೆಳಗಾವಿಯವರು, ಓದಿ ಹೇಳುತ್ತಾರೆ.

ಇತಿ,
ಕ್ಯಾಂಟನ್‌ನ ಒಬ್ಬ ತಾಯಿ