ನಿಧಿಯ ಸುದ್ದಿ ಜೊತೆ ಬೋಕಿ ಚೂರಿನ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಪಾಯ ತೋಡುವಾಗ ನಾಲ್ಕು ಹಳೇ ನಾಣ್ಯ ಸಿಕ್ಕರೆ ಸಾಕು, ಮಾರನೇ ದಿನ ಪತ್ರಿಕೆಗಳಲ್ಲಿ 'ನಿಧಿ ಪತ್ತೆ' ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಅದೇ ಗುಂಡಿಯಲ್ಲಿ ಬುಟ್ಟಿಗಟ್ಟಲೆ ಮಡಕೆ ಚೂರು ಸಿಕ್ಕಿದ್ದರೂ ಒಂದು ಸಾಲು ಇರುವುದಿಲ್ಲ. ಆ ಬೋಕಿ ಚೂರುಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಪುದುಚೇರಿಯ ಪಕ್ಕದ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಆಗ ಅವರು ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರು. ಅಲ್ಲಿ ಸಿಕ್ಕ ರಾಶಿ ಚೂರುಗಳಲ್ಲಿ ಕೆಲವು ಮಾತ್ರ ಬೇರೆ ಥರ ಇದ್ದವು. ತೆಳ್ಳಗೆ, ಕೆಂಪಗೆ, ಮೇಲೆ ನುಣುಪಾದ ಹೊಳಪು. ಇಟಲಿಯ ಅರೆಝೊ ಊರಿನ ಕುಂಬಾರರು ಮಾಡಿದ ಊಟದ ತಟ್ಟೆ, ಬಟ್ಟಲುಗಳು ಅವು. ಅರೆಟೈನ್ ಪಾತ್ರೆ ಎಂದೇ ಅವಕ್ಕೆ ಹೆಸರು. ಮಣ್ಣನ್ನು ಚೆನ್ನಾಗಿ ಸೋಸಿ, ಅದರ ನಯವಾದ ತಿಳಿಯನ್ನೇ ಮೇಲೆ ಲೇಪಿಸಿ ಸುಟ್ಟರೆ ಆ ಹೊಳಪು ಬರುತ್ತದೆ. ಕೆಲವು ಚೂರುಗಳ ಮೇಲೆ ಮಾಡಿದವನ ಹೆಸರಿನ ಮುದ್ರೆಯೂ ಇತ್ತು. 'ವಿಬಿಎ', 'ಕಮುರಿ', 'ಇಟ್ಟಾ' ಅಂತ. ಹಸಿ ಮಣ್ಣಿಗೆ ಒಬ್ಬ ಕುಂಬಾರ ಒತ್ತಿದ ಅಕ್ಷರ ಕೆಂಪು ಸಮುದ್ರ ದಾಟಿ, ಮಾನ್ಸೂನ್ ಗಾಳಿ ಹಿಡಿದು ಬಂದ ಹಡಗಿನಲ್ಲಿ ಇಲ್ಲಿಗೆ ಬಂದು, ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಕಳೆದ ಮೇಲೆ ಓದಲು ಸಿಕ್ಕಿತು! ಇಲ್ಲಿ ತಂಗಿದ್ದ ಪರದೇಶದ ವ್ಯಾಪಾರಿಗಳು ತಮ್ಮ ಊಟಕ್ಕೆಂದೇ ಅವನ್ನು ತಂದಿರಬೇಕು ಅನ್ನುತ್ತಾರೆ.

ಆದರೆ ವೀಲರ್‌ಗೆ ಬೇಕಾಗಿದ್ದು ತಟ್ಟೆಯ ಅಂದವಲ್ಲ, ಅದರ ಕಾಲ. ಇಂಥ ಪಾತ್ರೆ ಕ್ರಿ.ಶ. ಮೊದಲನೇ ಶತಮಾನದ ಮೊದಲ ಭಾಗದ್ದು ಎಂದು ಇಟಲಿಯ ಕಡೆಯಿಂದ ಆಗಲೇ ಗೊತ್ತಿತ್ತು. ಹಾಗಾದರೆ ಅದರ ಜೊತೆ ಅದೇ ಮಣ್ಣಿನ ಪದರದಲ್ಲಿ ಬಿದ್ದಿದ್ದ ಬೇರೆ ಚೂರುಗಳೂ ಸುಮಾರು ಆ ಕಾಲದವೇ, ಅಲ್ವಾ? ಹಾಗೆ ಜೊತೆಗಿದ್ದದ್ದು ರೂಲೆಟೆಡ್ ವೇರ್ ಎಂಬ ತಟ್ಟೆ. ಒಳಗಡೆ ತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಸಣ್ಣ ಕಚ್ಚು ಇರುತ್ತದೆ. ಅದನ್ನೂ ರೋಮಿನ ಕಡೆಯದು ಎಂದೇ ಮೊದಲು ತಿಳಿದಿದ್ದರು. ಅದು ನಮ್ಮ ದೇಶದ ಕುಂಬಾರರದ್ದೇ ಎಂದು ಆಮೇಲೆ ಗೊತ್ತಾಯಿತು.

ಇಲ್ಲಿಂದ ಕಥೆ ನಮ್ಮ ಜಿಲ್ಲೆಗೆ ಬರುತ್ತದೆ. 1947ರಲ್ಲಿ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆಸಿದರು. ಬ್ರಹ್ಮಗಿರಿ ಎಂದರೆ ಅಶೋಕನ ಶಾಸನ ಇರುವ ಜಾಗ. ಅಲ್ಲಿ ಮೇಲಿನ ಪದರದಲ್ಲಿ ಅದೇ ಕಚ್ಚಿನ ತಟ್ಟೆಯ ಚೂರು ಸಿಕ್ಕಿತು! ಅದರ ಕೆಳಗೆ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರ ಪದರ. ಅದಕ್ಕೂ ಕೆಳಗೆ ಕಲ್ಲಿನ ಕೊಡಲಿ ಬಳಸುತ್ತಿದ್ದವರದು. ಮೇಲಿನದಕ್ಕೆ ಒಂದು ಕಾಲ ಸಿಕ್ಕಿದ್ದರಿಂದ ಕೆಳಗಿನವಕ್ಕೂ ಲೆಕ್ಕ ಹಾಕಲು ದಾರಿಯಾಯಿತು. ಸಮಾಧಿಗಳು ವೀಲರ್ ಹೇಳಿದ್ದಕ್ಕಿಂತ ಎಷ್ಟೋ ಹಳೆಯವು ಎಂದು, ಕಾಲ ಅಳೆಯುವ ಕಾರ್ಬನ್ ಪರೀಕ್ಷೆಗಳು ಆಮೇಲೆ ತೋರಿಸಿವೆ, ನಿಜ. ಆದರೂ ದಕ್ಷಿಣ ಭಾರತದ ಹಳೇ ಕಾಲವನ್ನು ಅಳೆಯಲು ಮೊದಲ ಗೂಟ ಹೊಡೆದದ್ದು ಇಟಲಿಯ ಊಟದ ತಟ್ಟೆಯ ಚೂರು. ಇದನ್ನು ಮೂವತ್ತು ವರ್ಷ ಶಾಲೆಯಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ಮಕ್ಕಳ ಕಣ್ಣು ಅರಳಿದ್ದನ್ನು ನೋಡಿದ್ದೇನೆ.

ಒಂದು ತಪ್ಪನ್ನೂ ಹೇಳಬೇಕು. ಕಾಲೇಜಿನ ದಿನಗಳಲ್ಲಿ ಇಂಥ ಒಂದು ಜಾಗಕ್ಕೆ ಹೋಗಿದ್ದಾಗ ಎರಡು ಕಪ್ಪು ಚೂರು ಜೇಬಿಗೆ ಹಾಕಿಕೊಂಡು ಬಂದೆ. ಈಗಲೂ ಮನೆಯ ಶೋಕೇಸಿನಲ್ಲಿವೆ. ಒಂದರ ಅಂಚು ಕೊಂಚ ಒಳಕ್ಕೆ ಬಾಗಿದೆ, ಕೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ. ಅವು ಯಾವ ಪದರದಲ್ಲಿದ್ದವು, ಪಕ್ಕದಲ್ಲಿ ಏನಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಅವುಗಳಿಂದ ಇನ್ನು ಯಾರೂ ಜಾಸ್ತಿ ಏನೂ ತಿಳಿಯಲಾರರು. ಎತ್ತಿಕೊಂಡ ಕ್ಷಣವೇ ಅವುಗಳ ಬಾಯಿ ಕಟ್ಟಿದೆ ಎಂದು ಈಗ ಸಂಕಟವಾಗುತ್ತದೆ.

ನಾನು ಸುಮ್ನೆ ಎರಡು ಚೂರು ತಂದೆ. ನಿಧಿಯಾಸೆಗೆ ರಾತ್ರಿ ಹಾರೆ ಹಿಡಿದು ಬರುವವರು ಪದರ ಪದರವನ್ನೇ ಕಲಸಿಬಿಡುತ್ತಾರೆ. ಹಳೇ ಜಾಗ ಎಂದರೆ ಹೊನ್ನು ಇರುವ ಜಾಗ ಎಂಬ ನಂಬಿಕೆಗೆ ನಮ್ಮ ತಲೆಬರಹಗಳೂ ನೀರೆರೆಯುತ್ತಿವೆ ಎಂದು ನನಗೆ ಅನ್ನಿಸುತ್ತದೆ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಉತ್ಖನನದ ಸುದ್ದಿ ಬಂದಾಗ ಎಷ್ಟು ನಾಣ್ಯ ಎಂದು ಕೇಳುವ ನಿಮ್ಮ ವರದಿಗಾರರು ಚೂರು ಯಾವುದು, ಎಷ್ಟು ಆಳದಲ್ಲಿತ್ತು, ಅದರ ಜೊತೆ ಏನು ಸಿಕ್ಕಿತು ಎಂದೂ ಕೇಳಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಒಂದು ಚೂರಿನ ಫೋಟೊ ಹಾಕಿ. 'ಸಿಕ್ಕರೆ ಮುಟ್ಟಬೇಡಿ, ತಿಳಿಸಿ' ಎಂದು ಅದರ ಕೆಳಗೇ ಒಂದು ಸಾಲು ಇರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಚಿತ್ರದುರ್ಗ ಜಿಲ್ಲೆ